ಚಿಲ್ಡ್ರನ್ಸ್ ಎಕ್ಸ್‌ಪ್ರೆಸ್

ಶಾಲೆಗೆ ಹೋಗುವ ಮಕ್ಕಳನ್ನೇ ವರದಿಗಾರರಾಗಿ, ಸಂಪಾದಕರಾಗಿ ಪಳಗಿಸಿದ ಅಮೆರಿಕದ ಲಾಭರಹಿತ ಸುದ್ದಿಸಂಸ್ಥೆ. ನ್ಯೂಯಾರ್ಕಿನಲ್ಲಿ 1975ರಲ್ಲಿ ಆರಂಭವಾಗಿ 2001ರಲ್ಲಿ ಮುಚ್ಚಿತು. ಸ್ಥಾಪಕ ರಾಬರ್ಟ್ ಕ್ಲಾಂಪಿಟ್ ವೃತ್ತಿಯಿಂದ ವಕೀಲ. ಮಕ್ಕಳೇ ತಯಾರಿಸುವ ಒಂದು ನಿಯತಕಾಲಿಕವನ್ನು ತರಬೇಕೆಂಬುದು ಅವನ ಮೊದಲ ಯೋಜನೆಯಾಗಿತ್ತು. ಮಕ್ಕಳ ಪತ್ರಿಕೆ ಎಂದರೆ ಕತೆ, ಒಗಟು, ಚುಕ್ಕಿ ಸೇರಿಸುವ ಚಿತ್ರ ಎಂದುಕೊಂಡಿದ್ದವರ ಕಣ್ಣು ತೆರೆದದ್ದು ಮರುವರ್ಷ.

1976ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ನಡೆಯಿತು. ಪಕ್ಷದ ಅಧ್ಯಕ್ಷ ಅಭ್ಯರ್ಥಿ ಜಿಮ್ಮಿ ಕಾರ್ಟರ್ ಉಪಾಧ್ಯಕ್ಷ ಸ್ಥಾನಕ್ಕೆ ಯಾರನ್ನು ಆರಿಸುತ್ತಾನೆಂದು ತಿಳಿಯಲು ಹಿರಿಯ ಪತ್ರಕರ್ತರೆಲ್ಲ ತಡಕಾಡುತ್ತಿದ್ದರು. ಅದು ವಾಲ್ಟರ್ ಮಾಂಡೇಲ್ ಎಂಬ ಸುದ್ದಿಯನ್ನು ಅಧಿಕೃತ ಘೋಷಣೆಗೆ ಮೊದಲೇ ಮುದ್ರಿಸಿದ್ದು ಈ ಮಕ್ಕಳ ಪತ್ರಿಕೆ. ಸುದ್ದಿ ತಂದವನು ಇನ್ನೂ ಮೀಸೆ ಚಿಗುರದ ಒಬ್ಬ ಹುಡುಗ. ಚಿಕ್ಕವರೆದುರು ದೊಡ್ಡವರು ನಾಲಿಗೆ ಬಿಗಿಹಿಡಿಯುವುದಿಲ್ಲ ಎಂಬ ಸಂಗತಿ ಸಂಸ್ಥೆಗೆ ಅಂದಿನಿಂದ ಬಂಡವಾಳವಾಯಿತು. ನಿಯತಕಾಲಿಕ ಬಹುಕಾಲ ಬಾಳದಿದ್ದರೂ ಅದರ ತಂಡ ಸುದ್ದಿಸಂಸ್ಥೆಯಾಗಿ ಮುಂದುವರಿದು ಬೇರೆ ಪತ್ರಿಕೆಗಳಿಗೆ ಬರಹ ಒದಗಿಸತೊಡಗಿತು.

ಇದರ ನಿಜವಾದ ಹೊಸತನ ಇರುವುದು ಕೆಲಸದ ಕ್ರಮದಲ್ಲಿ. ಹದಿಮೂರರವರೆಗಿನವರು ವರದಿಗಾರರು, ಹದಿನಾಲ್ಕರಿಂದ ಹದಿನೆಂಟರವರು ಸಂಪಾದಕರು. ವರದಿಗಾರರ ಕೈಯಲ್ಲಿ ಪೆನ್ನಿನ ಬದಲು ಟೇಪ್ ರೆಕಾರ್ಡರ್. ಸಂದರ್ಶನಕ್ಕೆ ಮೊದಲು ಎಲ್ಲರೂ ಕೂತು ಪ್ರಶ್ನೆಗಳನ್ನು ಹೊಸೆಯುತ್ತಿದ್ದರು. ಮುಗಿಸಿ ಬಂದ ಮೇಲೆ, ರೆಕಾರ್ಡರ್ ಮತ್ತೆ ಚಾಲೂ ಮಾಡಿ, ಹರೆಯದ ಸಂಪಾದಕರು ವರದಿಗಾರರನ್ನೇ ಸಂದರ್ಶಿಸುತ್ತಿದ್ದರು: ಏನು ನೋಡಿದೆ, ಅವರ ಮಾತು ನಂಬಬಹುದು ಅನಿಸಿತೇ, ಯಾವ ಪ್ರಶ್ನೆಗೆ ಜಾರಿಕೊಂಡರು? ಆ ಎರಡೂ ಧ್ವನಿಮುದ್ರಣ ಅಕ್ಷರಕ್ಕೆ ಇಳಿದ ಮೇಲೆ ಲೇಖನ ಕಟ್ಟುವ ಕೆಲಸ. ಕಾಗುಣಿತ ತಪ್ಪುವ, ಓದಿನಲ್ಲಿ ಹಿಂದುಳಿದ ಮಗುವೂ ಹೀಗೆ ಒಳ್ಳೆಯ ವರದಿಗಾರನಾಗಲು ಸಾಧ್ಯವಾಯಿತು. ಬರೆಯಲು ಬಂದವನೇ ಪತ್ರಕರ್ತ ಎಂದು ನಂಬಿದ ಪತ್ರಿಕೋದ್ಯಮ ಶಾಲೆಗಳಿಗೆ ಇದು ಹೊಳೆದಿರಲಿಲ್ಲ. ದೊಡ್ಡವರು ಇರಲಿಲ್ಲವೆಂದಲ್ಲ, ವಾಹನ, ಹಣ, ಅನುಮತಿಯ ಓಡಾಟ ಅವರ ಪಾಲಿಗಿತ್ತು.

1970ರ ದಶಕದ ಕೊನೆಯಲ್ಲಿ, ಬಂಧನದಲ್ಲಿದ್ದ ಮಕ್ಕಳ ಸ್ಥಿತಿಯ ಬಗ್ಗೆ ಸಂಸ್ಥೆ ಸಾರ್ವಜನಿಕ ವಿಚಾರಣೆ ನಡೆಸಿತು. ಹೆಚ್ಚು ಸದ್ದಾದದ್ದು ಮಾತ್ರ 1988ರ ಚುನಾವಣೆಯಲ್ಲಿ. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಡ್ಯಾನ್ ಕ್ವೇಲ್ ಗರ್ಭಪಾತದ ವಿರೋಧಿ. ಹನ್ನೊಂದು ವರ್ಷದ ವರದಿಗಾರ್ತಿ ಅವನನ್ನು ಕೇಳಿದಳು: ತಂದೆಯಿಂದಲೇ ಅತ್ಯಾಚಾರಕ್ಕೆ ಒಳಗಾಗಿ ಬಸುರಾದ ಹುಡುಗಿಯೂ ಹೆರಲೇಬೇಕೆ? ಹೆರಬೇಕು ಎಂಬರ್ಥದ ಉತ್ತರ ಬಂತು. ಅದು ದೇಶದ ಸುದ್ದಿಯಾಯಿತು. ಆ ಪ್ರಶ್ನೆಯನ್ನು ದೊಡ್ಡ ಪತ್ರಕರ್ತನೊಬ್ಬ ಕೇಳಿದ್ದರೆ ಅಭ್ಯರ್ಥಿ ಸಿದ್ಧ ಉತ್ತರದ ಮರೆಗೆ ಸರಿಯುತ್ತಿದ್ದನೇನೋ. ಸಂಸ್ಥೆಯ ಆ ವರ್ಷದ ‘ಕ್ಯಾಂಪೇನ್ 88’ ಎಂಬ ದೂರದರ್ಶನ ಕಾರ್ಯಕ್ರಮಕ್ಕೆ ಎಮ್ಮಿ ಮತ್ತು ಪೀಬಾಡಿ ಪ್ರಶಸ್ತಿಗಳು ಬಂದವು.

ವಾಷಿಂಗ್ಟನ್, ಇಂಡಿಯಾನಾಪೊಲಿಸ್, ಮಿಷಿಗನ್‌ನ ಮಾರ್ಕೆಟ್ ಪಟ್ಟಣ, 1990ರ ದಶಕದಲ್ಲಿ ಲಂಡನ್ ಹೀಗೆ ಶಾಖೆಗಳು ಹಬ್ಬಿದವು. ಖರ್ಚೆಲ್ಲ ದೇಣಿಗೆಯ ಮೇಲೆ ನಿಂತಿತ್ತು, ಮಕ್ಕಳ ಸುದ್ದಿಗೆ ಜಾಹೀರಾತು ಹುಟ್ಟುವುದು ಕಷ್ಟ. 1996ರಲ್ಲಿ ಕ್ಲಾಂಪಿಟ್ ತೀರಿಕೊಂಡ. ಐದು ವರ್ಷಗಳಲ್ಲಿ ಹಣದ ಮುಗ್ಗಟ್ಟು ಕೇಂದ್ರ ಕಚೇರಿಯ ಬಾಗಿಲು ಹಾಕಿಸಿತು. ಶಾಖೆಗಳು ಮಾತ್ರ ಒಮ್ಮೆಗೇ ಒಣಗಲಿಲ್ಲ: ಇಂಡಿಯಾನಾಪೊಲಿಸ್‌ನದು ವೈ-ಪ್ರೆಸ್, ನ್ಯೂಯಾರ್ಕಿನದು ಚಿಲ್ಡ್ರನ್ಸ್ ಪ್ರೆಸ್‌ಲೈನ್, ಲಂಡನ್ನಿನದು ಹೆಡ್‌ಲೈನರ್ಸ್ ಎಂಬ ಹೆಸರಲ್ಲಿ ಬದುಕು ಮುಂದುವರಿಸಿದವು.

ಬರೆಯಲು ಬಾರದವರ ಬಾಯಿಂದ ವರದಿ ಪಡೆಯುವ ಉಪಾಯ ಭಾರತದಲ್ಲೂ ಉಂಟು. ದೆಹಲಿಯಲ್ಲಿ 2003ರಲ್ಲಿ ಶುರುವಾದ ಬೀದಿಮಕ್ಕಳ ಪತ್ರಿಕೆ ‘ಬಾಲಕನಾಮಾ’ದಲ್ಲಿ ಅಕ್ಷರ ತಿಳಿಯದ ವರದಿಗಾರರಿಗೆ ‘ಬಾತೂನಿ’, ಅಂದರೆ ಬಾಯಿಬಡುಕ ಎಂದು ಹೆಸರು. ಅವರು ಕಂಡದ್ದನ್ನು ಹೇಳುತ್ತಾರೆ, ಬರೆಯಬಲ್ಲ ಗೆಳೆಯರು ಬರೆದುಕೊಳ್ಳುತ್ತಾರೆ.