ವಾಸಸ್ಥಳ ಮತ್ತು ಸಿವಿಲ್ ಅಧಿಕಾರವ್ಯಾಪ್ತಿ

ದಾವೆಯನ್ನು ಯಾವ ಊರಿನ ನ್ಯಾಯಾಲಯದಲ್ಲಿ ಹೂಡಬೇಕೆಂಬುದನ್ನು ತೀರ್ಮಾನಿಸುವ ಅಂಶಗಳಲ್ಲಿ ಪ್ರತಿವಾದಿಯ ವಾಸಸ್ಥಳ ಮುಖ್ಯವಾದದ್ದು. ಭಾರತದಲ್ಲಿ ಇದಕ್ಕೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಂ. ವಾಸ ಎಂದರೇನು ಎಂಬುದಕ್ಕೆ ಸಂಹಿತೆ ವ್ಯಾಖ್ಯೆ ಕೊಟ್ಟಿಲ್ಲ. ಇಷ್ಟು ದಿನ ಇದ್ದರೆ ವಾಸ ಎಂಬ ಲೆಕ್ಕವನ್ನೂ ಇಟ್ಟಿಲ್ಲ. ವ್ಯಕ್ತಿ ಎಲ್ಲಿ ಇರುತ್ತಾನೆ ಎಂಬ ಸಂಗತಿ ಮತ್ತು ಅಲ್ಲಿ ಯಾವ ಉದ್ದೇಶದಿಂದ ಇದ್ದಾನೆ ಎಂಬ ಪ್ರಶ್ನೆ, ಇವೆರಡನ್ನೂ ಸೇರಿಸಿ ನೋಡಿ ನ್ಯಾಯಾಲಯಗಳು ಉತ್ತರ ಕಂಡುಕೊಂಡಿವೆ.

ಕಾನೂನಿನ ಚೌಕಟ್ಟು

ಜಮೀನು, ಮನೆ ಮೊದಲಾದ ಸ್ಥಿರಾಸ್ತಿಯ ವ್ಯಾಜ್ಯಗಳನ್ನು ಸಾಮಾನ್ಯವಾಗಿ ಆಸ್ತಿ ಇರುವಲ್ಲಿಯೇ ಹೂಡಬೇಕು (ಕಲಂ 16). ಉಳಿದ ಬಹುತೇಕ ದಾವೆಗಳಿಗೆ 20ನೇ ಕಲಂ ಅನ್ವಯಿಸುತ್ತದೆ. ಅದರ ಪ್ರಕಾರ ದಾವೆ ಹೂಡಿದ ದಿನ ಪ್ರತಿವಾದಿ ವಾಸ್ತವವಾಗಿ ಮತ್ತು ಸ್ವಇಚ್ಛೆಯಿಂದ ವಾಸವಿರುವ, ವ್ಯಾಪಾರ ನಡೆಸುವ ಅಥವಾ ಸ್ವತಃ ಗಳಿಕೆಗಾಗಿ ದುಡಿಯುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರವಿದೆ. ವ್ಯಾಜ್ಯಕಾರಣ ಪೂರ್ತಿಯಾಗಿ ಇಲ್ಲವೇ ಭಾಗಶಃ ಹುಟ್ಟಿದ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರವಿದೆ.

ಕಲಮಿನ ಕೆಳಗಿರುವ ಉದಾಹರಣೆ ಇದನ್ನು ಚೆನ್ನಾಗಿ ಬಿಡಿಸುತ್ತದೆ. ಒಬ್ಬ ಶಿಮ್ಲಾದವನು, ಇನ್ನೊಬ್ಬ ಕಲ್ಕತ್ತೆಯವನು, ಮತ್ತೊಬ್ಬ ದೆಹಲಿಯವನು. ಮೂವರೂ ಕಾಶಿಯಲ್ಲಿ ಸೇರಿದಾಗ ಕೊನೆಯ ಇಬ್ಬರು ಕೂಡಿ ಮೊದಲನೆಯವನಿಗೆ ಪ್ರಾಮಿಸರಿ ನೋಟು ಬರೆದುಕೊಡುತ್ತಾರೆ. ಶಿಮ್ಲಾದವನು ಕಾಶಿಯಲ್ಲಿ ದಾವೆ ಹೂಡಬಹುದು, ಏಕೆಂದರೆ ವ್ಯಾಜ್ಯಕಾರಣ ಹುಟ್ಟಿದ್ದು ಅಲ್ಲಿ. ಕಲ್ಕತ್ತೆಯಲ್ಲೋ ದೆಹಲಿಯಲ್ಲೋ ಕೂಡ ಹೂಡಬಹುದು. ಆದರೆ ಆ ಊರಿನವನಲ್ಲದ ಪ್ರತಿವಾದಿ ಆಕ್ಷೇಪಿಸಿದರೆ ನ್ಯಾಯಾಲಯದ ಅನುಮತಿಯಿಲ್ಲದೆ ದಾವೆ ಮುಂದೆ ಸಾಗದು. ಮೂರು ಊರುಗಳ ಆಯ್ಕೆಯಿದ್ದರೂ ವಾದಿಯ ಸ್ವಂತ ಊರು ಶಿಮ್ಲಾ ಆ ಪಟ್ಟಿಯಲ್ಲಿಲ್ಲ. ದೂರುವವನೇ ದೂರಿಸಿಕೊಂಡವನ ಊರಿಗೆ ಹೋಗಬೇಕೆಂಬುದು ಈ ಕಾನೂನಿನ ಮೂಲ ನಿಲುವು.

ಇತಿಹಾಸ

1859ರ ಮೊದಲ ಸಂಹಿತೆಯ 5ನೇ ಕಲಮಿನಲ್ಲಿ ಪ್ರತಿವಾದಿ ನೆಲೆಸಿರುವ ಅಥವಾ ಸ್ವತಃ ಗಳಿಕೆಗಾಗಿ ದುಡಿಯುವ ಸ್ಥಳ ಎಂದಷ್ಟೇ ಇತ್ತು. 1877ರ ಸಂಹಿತೆ ‘ವಾಸ್ತವವಾಗಿ ಮತ್ತು ಸ್ವಇಚ್ಛೆಯಿಂದ’ ಎಂಬ ವಿಶೇಷಣಗಳನ್ನು ಸೇರಿಸಿತು; 1882ರ ಮತ್ತು 1908ರ ಸಂಹಿತೆಗಳು ಅವನ್ನು ಹಾಗೇ ಉಳಿಸಿಕೊಂಡವು. ಕಲ್ಕತ್ತ, ಮದರಾಸು, ಬೊಂಬಾಯಿ ಹೈಕೋರ್ಟುಗಳ ಮೂಲ ಅಧಿಕಾರಕ್ಕೆ ಮಾತ್ರ 1865ರ ಲೆಟರ್ಸ್ ಪೇಟೆಂಟಿನ 12ನೇ ಖಂಡದ ಹಳೆಯ ಮಾತೇ ನಿಂತಿತು.

ವಾಸಕ್ಕೂ ಅಧಿಕಾರಕ್ಕೂ ಇರುವ ನಂಟಿನ ಆಳ ತಿಳಿಯಲು 1894ರ ಫರೀದ್‌ಕೋಟ್ ಪ್ರಕರಣವನ್ನು ನೋಡಬೇಕು. ಪಂಜಾಬಿನ ಫರೀದ್‌ಕೋಟ್ ಸಂಸ್ಥಾನದ ಖಜಾಂಚಿಯೊಬ್ಬ 1874ರಲ್ಲಿ ಕೆಲಸ ಬಿಟ್ಟು ಜೀಂದ್ ಸಂಸ್ಥಾನದಲ್ಲಿ ನೆಲೆಸಿದ. ರಾಜ 1879ರಲ್ಲಿ ತನ್ನದೇ ನ್ಯಾಯಾಲಯದಲ್ಲಿ ಅವನ ಮೇಲೆ ದಾವೆ ಹೂಡಿ ಏಕಪಕ್ಷೀಯ ಡಿಕ್ರಿ ಪಡೆದ. ಅದರ ಬಲದಿಂದ ಬ್ರಿಟಿಷ್ ಲಾಹೋರಿನಲ್ಲಿ ಹಣ ವಸೂಲಿಗೆ ಹೊರಟಾಗ ವಿಷಯ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ದಾವೆಯ ಕಾಲಕ್ಕೆ ಆತ ಫರೀದ್‌ಕೋಟಿನ ವಾಸಿಯೂ ಅಲ್ಲ, ಪ್ರಜೆಯೂ ಅಲ್ಲ, ಆ ನ್ಯಾಯಾಲಯಕ್ಕೆ ಒಪ್ಪಿ ಹಾಜರಾದವನೂ ಅಲ್ಲ; ಒಂದು ಕಾಲದಲ್ಲಿ ಅಲ್ಲಿ ಕೆಲಸದಲ್ಲಿದ್ದ ಎಂಬುದು ಸಾಲದು; ಹಾಗಾಗಿ ಹೊರಗಿನ ನ್ಯಾಯಾಲಯಗಳ ಮಟ್ಟಿಗೆ ಆ ಡಿಕ್ರಿ ಶೂನ್ಯ ಎಂದು ಲಾರ್ಡ್ ಸೆಲ್‌ಬೋರ್ನ್ ತೀರ್ಪಿತ್ತರು. ಸಂಸ್ಥಾನಗಳಿದ್ದ ಕಾಲದಲ್ಲಿ ಇದು ಕನ್ನಡ ನಾಡಿಗೂ ತಟ್ಟುವ ಮಾತಾಗಿತ್ತು. ಬಳ್ಳಾರಿ ಮದರಾಸಿಗೆ ಸೇರಿತ್ತು, ಧಾರವಾಡ ಬೊಂಬಾಯಿಗೆ. ಆ ಜಿಲ್ಲೆಗಳ ನ್ಯಾಯಾಲಯಗಳ ದೃಷ್ಟಿಯಲ್ಲಿ ಮೈಸೂರು ಸಂಸ್ಥಾನದ ನ್ಯಾಯಾಲಯ ವಿದೇಶಿ ನ್ಯಾಯಾಲಯ. 1951ರ ಏಪ್ರಿಲ್ 1ರಂದು ಸಂಹಿತೆ ಮೈಸೂರು ಸೇರಿದಂತೆ ‘ಬಿ’ ವರ್ಗದ ರಾಜ್ಯಗಳಿಗೆ ವಿಸ್ತರಿಸಿದ ಮೇಲೆ ಪರಿಸ್ಥಿತಿ ಬದಲಾಯಿತು.

ಇನ್ನೊಂದು ಮುಖ್ಯ ಘಟ್ಟ 1976ರ ತಿದ್ದುಪಡಿ. ಅಲ್ಲಿಯವರೆಗೆ 20ನೇ ಕಲಮಿಗೆ ಎರಡು ವಿವರಣೆಗಳಿದ್ದವು. ಒಂದೂರಲ್ಲಿ ಕಾಯಂ ಮನೆ, ಇನ್ನೊಂದೂರಲ್ಲಿ ತಾತ್ಕಾಲಿಕ ವಾಸ ಇರುವವನು, ತಾತ್ಕಾಲಿಕ ವಾಸದ ಊರಲ್ಲಿ ಹುಟ್ಟಿದ ವ್ಯಾಜ್ಯಕಾರಣದ ಮಟ್ಟಿಗೆ ಎರಡೂ ಕಡೆ ವಾಸವಿದ್ದಾನೆಂದು ತಿಳಿಯತಕ್ಕದ್ದು ಎಂದು ಮೊದಲನೆಯದು ಹೇಳುತ್ತಿತ್ತು. 1977ರ ಫೆಬ್ರವರಿ 1ರಿಂದ ಅದು ಇಲ್ಲವಾಯಿತು. ವ್ಯಾಜ್ಯಕಾರಣ ಹುಟ್ಟಿದ ಊರಲ್ಲಿ ದಾವೆ ಹೂಡಲು ಮೂರನೇ ಉಪಖಂಡವೇ ಅವಕಾಶ ಕೊಡುವುದರಿಂದ ಅದನ್ನು ತೆಗೆದದ್ದರಿಂದ ವಾದಿಗೆ ನಷ್ಟವಾದಂತಿಲ್ಲ. ಆದರೆ ಎರಡು ಮನೆ ಇರುವವನನ್ನು ಬೇರೆಲ್ಲೋ ಹುಟ್ಟಿದ ಸಾಲಕ್ಕಾಗಿ ತಾತ್ಕಾಲಿಕ ವಾಸದ ಊರಿಗೆ ಎಳೆಯಬಹುದೇ ಎಂಬ ಪ್ರಶ್ನೆಗೆ ಸಂಹಿತೆಯಲ್ಲಿ ಈಗ ನೇರ ಉತ್ತರವಿಲ್ಲ. ವಾಸ ವಾಸ್ತವವೂ ಸ್ವಇಚ್ಛೆಯದೂ ಆಗಿದ್ದರೆ ಎಳೆಯಬಹುದು ಎನ್ನುವುದು ಕಲಮಿನ ಮಾತಿಗೆ ಹೆಚ್ಚು ಹತ್ತಿರವಾದ ಅರ್ಥ ಎಂದು ತೋರುತ್ತದೆ.

ವಾಸವನ್ನು ಅಳೆಯುವ ಬಗೆ

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ತೀರ್ಪು ಸಿವಿಲ್ ದಾವೆಯದಲ್ಲ, ಜೀವನಾಂಶದ್ದು. 1963ರಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಸುಪ್ರೀಂ ಕೋರ್ಟಿಗಾಗಿ ಬರೆದದ್ದು. ಗಂಡನಿಗೆ ಆಫ್ರಿಕಾದಲ್ಲಿ ಕೆಲಸ. ಲೂಧಿಯಾನ ಜಿಲ್ಲೆಯ ಹಳ್ಳಿಯಲ್ಲಿ ಮನೆ. ರಜೆಯ ಮೇಲೆ ಬಂದಾಗ ಹೆಂಡತಿಯೊಡನೆ ಅಲ್ಲಿ ಇರುತ್ತಿದ್ದ. ಅವಳು ಲೂಧಿಯಾನದಲ್ಲಿ ಅರ್ಜಿ ಹಾಕಿದಾಗ ತಾನು ಇಲ್ಲಿನ ವಾಸಿಯೇ ಅಲ್ಲ ಎಂದ. ಬಂದು ಹೋಗುವ ಭೇಟಿ, ನೆಂಟರ ಮನೆಯಲ್ಲಿ ನಾಲ್ಕು ದಿನ ಇರುವುದು ವಾಸವಲ್ಲ. ಆದರೆ ಶಾಶ್ವತವಾಗಿ ನೆಲೆಸುವ ಉದ್ದೇಶವೂ ಬೇಕಿಲ್ಲ. ಒಂದಷ್ಟು ಕಾಲ ಇರುವ ಉದ್ದೇಶವಿದ್ದರೆ ಸಾಕು, ಆ ಕಾಲ ಎಷ್ಟೆಂಬುದನ್ನು ಆಯಾ ಸಂದರ್ಭ ಹೇಳಬೇಕು ಎಂದು ತೀರ್ಪು ಗೆರೆ ಎಳೆಯಿತು. ಹೆಂಡತಿಯ ಅರ್ಜಿ ಊರ್ಜಿತವಾಯಿತು. ಬಳಕೆಯಲ್ಲಿ ಈ ಎರಡು ತುದಿಗಳ ನಡುವಿನ ಜಾಗವೇ ಇಂದಿಗೂ ವಾದದ ಅಂಗಳ.

ಸ್ವಇಚ್ಛೆ ಎಂಬ ಷರತ್ತಿನಿಂದ ಸೆರೆವಾಸ ಹೊರಗುಳಿಯುತ್ತದೆ. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿರುವಾತ ಅಷ್ಟರಿಂದಲೇ ಬೆಳಗಾವಿಯ ವಾಸಿಯಾಗುವುದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಮತದಾರರ ಪಟ್ಟಿಗಾಗಿ ಇದನ್ನೇ ಬಾಯಿಬಿಟ್ಟು ಹೇಳಿದೆ. ಒಂದೂರಲ್ಲಿ ಮನೆಯ ಒಡೆತನ ಇದ್ದ ಮಾತ್ರಕ್ಕೆ ಸಾಮಾನ್ಯ ವಾಸಿಯಾಗುವುದಿಲ್ಲ ಎಂಬ ಮಾತೂ ಅಲ್ಲೇ ಇದೆ.

ವಾಸವನ್ನು ಅಧಿವಾಸದಿಂದ ಬೇರ್ಪಡಿಸಿ ನೋಡಬೇಕು. ಅಧಿವಾಸಕ್ಕೆ ಕಾಯಂ ನೆಲೆಯ ಉದ್ದೇಶ ಬೇಕು. ಒಬ್ಬನಿಗೆ ಒಂದು ಕಾಲಕ್ಕೆ ಒಂದೇ ಅಧಿವಾಸ. ವಾಸ ಎರಡು ಊರಲ್ಲಿ ಇರಬಹುದು. ವಿದೇಶಿ ವಿಚ್ಛೇದನಗಳ ಮೇಲಿನ ಎರಡು ತೀರ್ಪುಗಳು ಈ ಭೇದವನ್ನು ತೋರಿಸುತ್ತವೆ. ನೆವಾಡಾದ ಕಾನೂನು ಕೇಳುವ ಆರು ವಾರದ ವಾಸ ತೋರಿಸಿ ವಿಚ್ಛೇದನ ಪಡೆದು, ಬೆನ್ನಲ್ಲೇ ಅಲ್ಲಿಂದ ಹೊರಟುಹೋದ ಗಂಡನ ಡಿಕ್ರಿಯನ್ನು ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ತೀರ್ಪು (1975) ಮಾನ್ಯ ಮಾಡಲಿಲ್ಲ. 1991ರ ಪ್ರಕರಣದಲ್ಲಿ ಗಂಡ ಮೊದಲು ತಿರುಪತಿಯಲ್ಲಿ ಹಾಕಿದ ಅರ್ಜಿಯಲ್ಲಿ ತಾನು ನ್ಯೂ ಆರ್ಲಿಯನ್ಸ್ ವಾಸಿ ಎಂದಿದ್ದ. ಮುಂದೆ ಮಿಸ್ಸೂರಿಯಲ್ಲಿ ತೊಂಬತ್ತು ದಿನದ ವಾಸ ತೋರಿಸಿ ವಿಚ್ಛೇದನ ಪಡೆದ. ಆ ಡಿಕ್ರಿಯೂ ನಿಲ್ಲಲಿಲ್ಲ. ಗಡುವಿನ ದಿನಗಳನ್ನು ಎಣಿಸಿ ಮುಗಿಸಿದ ಮಾತ್ರಕ್ಕೆ ನೆಲೆ ಸಿದ್ಧವಾಗದು ಎಂಬುದನ್ನು ಇವೆರಡೂ ನಿಚ್ಚಳಗೊಳಿಸಿವೆ.

ಕುಟುಂಬ ವ್ಯಾಜ್ಯಗಳು

ಇಲ್ಲಿ ಕಾನೂನು ಮೂಲ ನಿಲುವಿನಿಂದ ದೂರ ಬಂದಿದೆ. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಮದುವೆಯಾದ ಊರು, ಎದುರುದಾರರು ವಾಸವಿರುವ ಊರು, ದಂಪತಿ ಕೊನೆಗೆ ಕೂಡಿ ಬಾಳಿದ ಊರು ಇವುಗಳಿಗೆ ಮನ್ನಣೆ ಕೊಟ್ಟಿತ್ತು. ಗಂಡನ ಮನೆ ಬಿಟ್ಟು ತವರಿಗೆ ಬಂದವಳು ಅರ್ಜಿಗಾಗಿ ಮತ್ತೆ ಆ ಊರಿಗೇ ಅಲೆಯಬೇಕಿತ್ತು. 2003ರ ತಿದ್ದುಪಡಿ ಅರ್ಜಿದಾರಳಾದ ಹೆಂಡತಿಗೆ ತಾನು ವಾಸವಿರುವಲ್ಲೇ ಅರ್ಜಿ ಹಾಕುವ ಹಕ್ಕು ಕೊಟ್ಟಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಕಲಂ ಇನ್ನೂ ಮುಂದೆ ಹೋಗಿ ತಾತ್ಕಾಲಿಕ ವಾಸವೂ ಸಾಕೆಂದಿದೆ. ಚೆನ್ನೈನ ಗಂಡನ ಮನೆಯಿಂದ ಬಂದು ಬೆಂಗಳೂರಿನಲ್ಲಿ ತಂದೆ ತಾಯಿಯ ಜೊತೆಗಿದ್ದ ಮಹಿಳೆಯ ಅರ್ಜಿಯನ್ನು ಬೆಂಗಳೂರಿನ ನ್ಯಾಯಾಲಯವೇ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು.

ಮಗುವಿನ ಪಾಲನೆಗೆ 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯ 9ನೇ ಕಲಂ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳವನ್ನು ಅಳತೆಗೋಲಾಗಿಟ್ಟಿದೆ. ಅಮೆರಿಕದಲ್ಲಿ ಹುಟ್ಟಿ ತಾಯಿಯೊಡನೆ ದೆಹಲಿಯಲ್ಲಿ ಉಳಿದ ಹುಡುಗನ ಪ್ರಕರಣದಲ್ಲಿ (2011) ನ್ಯಾಯಮೂರ್ತಿ ಟಿ. ಎಸ್. ಠಾಕೂರ್ ಹುಡುಗನ ಶಾಲೆಯನ್ನೂ, ದೆಹಲಿಯಲ್ಲಿ ಇರುವುದಕ್ಕೆ ತಂದೆ ಮೊದಲು ಒಪ್ಪಿದ್ದನ್ನು ತೋರಿಸುವ ಇ-ಮೇಲ್‌ಗಳನ್ನೂ ಪರಿಶೀಲಿಸಿ ದೆಹಲಿಗೆ ಅಧಿಕಾರವಿದೆ ಎಂದರು.

ಕಂಪನಿ

ವಾಸವೆಂಬ ಮಾತು ಮನುಷ್ಯರಿಗೆ. ಕಂಪನಿಯ ವಿಷಯದಲ್ಲಿ 20ನೇ ಕಲಮಿನ ಉಳಿದಿರುವ ವಿವರಣೆಯೇ ಅಳತೆ: ಪ್ರಧಾನ ಕಚೇರಿ, ಅಥವಾ ಶಾಖೆ ಇರುವ ಊರಲ್ಲೇ ವ್ಯಾಜ್ಯಕಾರಣ ಹುಟ್ಟಿದ್ದರೆ ಆ ಶಾಖೆ. ಪಟೇಲ್ ರೋಡ್‌ವೇಸ್ ಪ್ರಕರಣ (1991) ಇದರ ಮುಖ್ಯ ತೀರ್ಪು.

ಸಾಕ್ಷ್ಯ

ಪಡಿತರ ಚೀಟಿ, ಮತದಾರರ ಪಟ್ಟಿ, ವಿದ್ಯುತ್ ಬಿಲ್, ಮಕ್ಕಳ ಶಾಲಾ ದಾಖಲೆ, ಬಾಡಿಗೆ ಕರಾರು ಸಾಮಾನ್ಯವಾಗಿ ಹಾಜರಾಗುವ ದಾಖಲೆಗಳು. ಯಾವುದೊಂದೂ ನಿರ್ಣಾಯಕವಲ್ಲ. ಕರಾರು ಹನ್ನೊಂದು ತಿಂಗಳಿನದು, ಆದ್ದರಿಂದ ವಾಸ ತಾತ್ಕಾಲಿಕ ಎಂಬ ವಾದಕ್ಕೆ ತೂಕ ಕಡಿಮೆ. ಒಂದು ವರ್ಷ ಮೀರಿದ ಗೇಣಿ ಪತ್ರಕ್ಕೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾದ್ದರಿಂದ ಹತ್ತಾರು ವರ್ಷ ಒಂದೇ ಮನೆಯಲ್ಲಿರುವವರೂ ಹನ್ನೊಂದು ತಿಂಗಳ ಕರಾರನ್ನೇ ಮಾಡಿಕೊಳ್ಳುತ್ತಾರೆ. ಆಧಾರ್ ಸಂಖ್ಯೆ ತಾನಾಗಿ ಅಧಿವಾಸದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ.

ಕಡತದಲ್ಲಿ ಬಹುಬೇಗ ಸೇರುವ ಸಾಕ್ಷ್ಯವೆಂದರೆ ಸಮನ್ಸ್ ಜಾರಿಯ ವರದಿ. ಪ್ರತಿವಾದಿ ಸಿಗದಿದ್ದರೆ ಅವನು ಸಾಮಾನ್ಯವಾಗಿ ವಾಸಿಸುವ ಮನೆಯ ಹೊರಬಾಗಿಲಿಗೆ ಅಮೀನ ಪ್ರತಿಯನ್ನು ಅಂಟಿಸಿ, ಮನೆ ಗುರುತು ಹೇಳಿದವರ ಹೆಸರು, ನೋಡಿದ ಸಾಕ್ಷಿಗಳ ಹೆಸರು ಬರೆದು ಷರಾ ಹಾಕುತ್ತಾನೆ (ಆದೇಶ 5, ನಿಯಮ 17). ‘ಆರು ತಿಂಗಳ ಹಿಂದೆಯೇ ಮನೆ ಖಾಲಿ ಮಾಡಿದ್ದಾರೆ’ ಎಂದು ನೆರೆಯವರು ಹೇಳಿದ ಮಾತು ಆ ಷರಾದಲ್ಲಿದ್ದರೆ ವಾದಪತ್ರದ ವಿಳಾಸ ಅಲ್ಲಿಗೇ ಅಲುಗಾಡುತ್ತದೆ.

ಆಕ್ಷೇಪಣೆ ಮತ್ತು ಪರಿಣಾಮ

ಇಲ್ಲದ ಅಧಿಕಾರವನ್ನು ಕಕ್ಷಿದಾರರು ಕರಾರಿನಿಂದ ಸೃಷ್ಟಿಸಲಾರರು (ಹಾಕಂ ಸಿಂಗ್ ವಿರುದ್ಧ ಗ್ಯಾಮನ್, 1971). ಆದರೆ ಪ್ರಾದೇಶಿಕ ಅಧಿಕಾರದ ಆಕ್ಷೇಪವನ್ನು ಮೊದಲ ಅವಕಾಶದಲ್ಲೇ, ವಿವಾದಾಂಶಗಳನ್ನು ರೂಪಿಸುವುದರೊಳಗೆ ಎತ್ತಬೇಕು. ತಡವಾಗಿ ಎತ್ತಿದರೆ ಅಥವಾ ಅನ್ಯಾಯವಾಗಿದೆ ಎಂದು ತೋರಿಸದಿದ್ದರೆ ಮೇಲ್ಮನವಿಯಲ್ಲಿ ಅದಕ್ಕೆ ಎಡೆಯಿಲ್ಲ (ಕಲಂ 21). ಆಕ್ಷೇಪ ನಿಂತರೆ ದಾವೆ ವಜಾ ಆಗುವುದಿಲ್ಲ. ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸಲು ವಾದಪತ್ರವನ್ನು ಹಿಂದಿರುಗಿಸಲಾಗುತ್ತದೆ (ಆದೇಶ 7, ನಿಯಮ 10). ಪ್ರಾಮಾಣಿಕವಾಗಿ, ಕಾಳಜಿಯಿಂದ ತಪ್ಪು ನ್ಯಾಯಾಲಯದಲ್ಲಿ ನಡೆಸಿದ ಕಾಲವನ್ನು 1963ರ ಪರಿಮಿತಿ ಕಾಯ್ದೆಯ 14ನೇ ಕಲಮಿನಂತೆ ಗಡುವಿನಿಂದ ಕಳೆಯಬಹುದು. ಹೊಸ ನ್ಯಾಯಾಲಯದಲ್ಲಿ ವಿಚಾರಣೆ ಮೊದಲಿನಿಂದ ಆರಂಭವಾಗಬೇಕು ಎಂದು ಸುಪ್ರೀಂ ಕೋರ್ಟ್ 2020ರ ಇಎಕ್ಸ್ಎಲ್ ಕೆರಿಯರ್ಸ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಸಾಕ್ಷಿ ವಿಚಾರಣೆ, ಪಾಟೀಸವಾಲು ಮುಗಿದ ಮೇಲೆ ಹಿಂದಿರುಗಿದ ದಾವೆಯಲ್ಲಿ ಅದೇ ಸಾಕ್ಷಿಗಳು ಮತ್ತೊಮ್ಮೆ ಕಟಕಟೆ ಹತ್ತಬೇಕಾಗುತ್ತದೆ.