ವಿಡಿಯೋ ಆಟಗಳ ನೈತಿಕ ವಿನ್ಯಾಸ ಮತ್ತು ಆಟಗಾರರ ಹಿತರಕ್ಷಣೆ

ಆಟಕ್ಕೆ ಎಷ್ಟು ಸಮಯ ಹಾಗೂ ಎಷ್ಟು ಹಣ ವ್ಯಯಿಸಬೇಕೆಂಬುದನ್ನು ಆಟಗಾರರು ತಿಳಿದು ನಿರ್ಧರಿಸಲು ಅನುವಾಗುವಂತೆ ಆಟವನ್ನು ರೂಪಿಸುವುದೇ ನೈತಿಕ ವಿನ್ಯಾಸ. ಆಟಗಾರರ ಹಿತವು ಅವರ ಸಂಯಮವನ್ನು ಮಾತ್ರವಲ್ಲದೆ ತಯಾರಕರ ಹೊಣೆಗಾರಿಕೆಯನ್ನೂ ಅವಲಂಬಿಸಿರುತ್ತದೆ.

ಹಿನ್ನೆಲೆ

ಫೋರ್ಟ್‌ನೈಟ್ ಆಟದ ತಯಾರಕರಾದ ಎಪಿಕ್ ಗೇಮ್ಸ್ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಕ್ರಮ ಕೈಗೊಂಡಿತು. ಒಂದೇ ಗುಂಡಿ ಒತ್ತಿದೊಡನೆ ಆಟಗಾರರಿಗೆ ಅರಿವಿಲ್ಲದೆ ಖರೀದಿಯಾಗುತ್ತಿತ್ತು, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳು ಹಣ ವ್ಯಯಿಸಬಹುದಾಗಿತ್ತು ಹಾಗೂ ಅಪರಿಚಿತರೊಡನೆ ಮಾತನಾಡುವ ಸೌಲಭ್ಯವು ಮಕ್ಕಳ ಖಾತೆಗಳಲ್ಲಿಯೂ ತಾನಾಗಿಯೇ ಚಾಲನೆಯಲ್ಲಿರುತ್ತಿತ್ತು ಎಂಬುವು ಪ್ರಮುಖ ಆರೋಪಗಳು. ಸಂಸ್ಥೆಯು ಒಟ್ಟು 52 ಕೋಟಿ ಡಾಲರ್ ಪಾವತಿಸಲು ಒಪ್ಪಿತು. ಈ ಪೈಕಿ 24.5 ಕೋಟಿ ಡಾಲರ್ ಗ್ರಾಹಕರಿಗೆ ಮರುಪಾವತಿಗಾಗಿ ಮೀಸಲಾಯಿತು.

ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಗುರುತಿಸಿ, ಅವುಗಳನ್ನು ನಿಷೇಧಿಸುವ ಮಾರ್ಗಸೂಚಿಗಳನ್ನು ದಿನಾಂಕ 30-11-2023ರಂದು ಹೊರಡಿಸಿದೆ. ಸುಳ್ಳು ತುರ್ತು ಸೃಷ್ಟಿಸುವುದು, ನಿರಾಕರಿಸಿದವರು ನಾಚುವಂತೆ ಮಾಡುವುದು, ಚಂದಾದಿಂದ ಹೊರಬರಲು ತೊಡಕುಂಟುಮಾಡುವುದು ಮತ್ತು ಪದೇ ಪದೇ ಪೀಡಿಸುವುದು ಇವುಗಳಲ್ಲಿ ಸೇರಿವೆ.

ಉತ್ತಮ ವಿನ್ಯಾಸದ ಲಕ್ಷಣಗಳು

1. ವಸ್ತುಗಳ ಬೆಲೆಯನ್ನು ಆಟದೊಳಗಿನ ನಾಣ್ಯಗಳಲ್ಲಷ್ಟೇ ಅಲ್ಲದೆ ರೂಪಾಯಿಗಳಲ್ಲಿಯೂ ತೋರಿಸುವುದು.
2. ಪ್ರತಿ ಖರೀದಿಗೆ ಮುನ್ನ ದೃಢೀಕರಣ ಕೇಳುವುದು ಮತ್ತು ರದ್ದುಪಡಿಸಲು ಅವಕಾಶವಿರುವುದು.
3. ಆಟವನ್ನು ನಿಲ್ಲಿಸಿ ಮತ್ತೆ ಮುಂದುವರಿಸಲು ಅನುಕೂಲವಿರುವುದು. ಒಂದು ದಿನ ಆಡದಿದ್ದಲ್ಲಿ ಗಳಿಸಿದ್ದನ್ನು ಕಳೆಯದಿರುವುದು.
4. ಮಕ್ಕಳ ಖಾತೆಗಳಲ್ಲಿ ಸಂಭಾಷಣೆ ಹಾಗೂ ಖರೀದಿ ಸೌಲಭ್ಯಗಳು ಪೋಷಕರು ಅನುಮತಿಸುವವರೆಗೆ ಸ್ಥಗಿತವಾಗಿರುವುದು.

ದೂರು ಸಲ್ಲಿಸುವ ವಿಧಾನ

ಒಪ್ಪಿಗೆಯಿಲ್ಲದೆ ಹಣ ಕಡಿತವಾದಲ್ಲಿ ಮೊದಲು ಆಟದ ಕಂಪನಿಗೆ ಅಥವಾ ಆಪ್ ಮಳಿಗೆಗೆ ಲಿಖಿತವಾಗಿ ಮರುಪಾವತಿ ಕೋರತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ವ್ಯಾಜ್ಯದ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಹಣ ಪಾವತಿಯ ರಸೀದಿ, ಬ್ಯಾಂಕ್ ಸಂದೇಶ ಮತ್ತು ಪರದೆಯ ಚಿತ್ರಗಳನ್ನು ಕಾಯ್ದಿರಿಸಿಕೊಳ್ಳುವುದು ಅಗತ್ಯ. ಆನ್‌ಲೈನ್ ವಂಚನೆಯಾಗಿದ್ದಲ್ಲಿ ವಿಳಂಬ ಮಾಡದೆ 1930ಕ್ಕೆ ತಿಳಿಸತಕ್ಕದ್ದು.

ಆರೋಗ್ಯ ನೆರವು

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿಯು ದಿನಾಂಕ 01-01-2022ರಿಂದ ಜಾರಿಯಲ್ಲಿದ್ದು, ಅದರಲ್ಲಿ ಆಟದ ವ್ಯಸನವೂ ಸೇರಿದೆ. ಹೆಚ್ಚು ಹೊತ್ತು ಆಡುವುದೊಂದೇ ವ್ಯಸನವಲ್ಲ. ಆಟದ ಮೇಲಿನ ಹತೋಟಿ ತಪ್ಪಿ, ಇತರೆ ಕೆಲಸಗಳಿಗಿಂತ ಆಟವೇ ಮುಖ್ಯವಾಗಿ, ಹಾನಿಯಾದರೂ ಅದು ಮುಂದುವರಿಯುವ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಕಂಡುಬರಬೇಕು. ಇಂತಹ ತೊಂದರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಶಟ್ ಕ್ಲಿನಿಕ್ ಆರಂಭಿಸಲಾಯಿತು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದಾಗಿದೆ.