ಖಚಿತ ಆದಾಯವೆಂಬ ಮಾತು

ದೊಡ್ಡನೆಕ್ಕುಂದಿ ಕೆರೆಯ ಬದಿಯ ಹಳ್ಳಿಯಾಗಿದ್ದುದನ್ನು ಬಲ್ಲ ಹಿರಿಯರು ಈಗಲೂ ಇದ್ದಾರೆ. ಕೈಗಾರಿಕಾ ಪ್ರದೇಶವೂ ಹೊರವರ್ತುಲ ರಸ್ತೆಯೂ ಬಂದ ಮೇಲೆ ಆ ಸೀಮೆಯಲ್ಲಿ ಚಹದಂಗಡಿಯಿಂದ ಶಿಶುವಿಹಾರದವರೆಗೆ ಅನೇಕ ವ್ಯವಹಾರಗಳು ದೂರದ ಯಾವುದೋ ಸಂಸ್ಥೆಯ ಹೆಸರಿನಲ್ಲಿ ನಡೆಯತೊಡಗಿವೆ. ಇದನ್ನು ಫ್ರಾಂಚೈಸಿ ಎನ್ನುತ್ತಾರೆ. ಹೆಸರು ಸಂಸ್ಥೆಯದು, ಬಂಡವಾಳ ಅಂಗಡಿ ಹಿಡಿದವರದು. ಪದ್ಧತಿಯಲ್ಲಿ ತಾನಾಗಿ ದೋಷವೇನೂ ಇಲ್ಲ.

ಪರಿಚಿತ ಕುಟುಂಬವೊಂದು ಅಲ್ಲಿ ಇಂಥದೊಂದು ಅಂಗಡಿ ತೆರೆದು ಒಂದೂವರೆ ವರ್ಷದಲ್ಲಿ ಮುಚ್ಚಿತು. ನಿವೃತ್ತಿಯ ಹಣವೆಲ್ಲ ಕರಗಿತ್ತು. ಯಜಮಾನರು ಒಪ್ಪಂದಪತ್ರವನ್ನು ನನ್ನ ಮುಂದಿಟ್ಟರು. ತಿಂಗಳಿಗೆ ಇಂತಿಷ್ಟು ಆದಾಯ ಖಚಿತವೆಂದು ಸಂಸ್ಥೆಯ ಪ್ರತಿನಿಧಿ ಬಾಯಿಮಾತಿನಲ್ಲಿ ಹೇಳಿದ್ದನಂತೆ. ಪತ್ರದ ಕೊನೆಯ ಪುಟದಲ್ಲಾದರೋ, ಆದಾಯದ ಬಗ್ಗೆ ಸಂಸ್ಥೆ ಯಾವ ಭರವಸೆಯನ್ನೂ ಕೊಟ್ಟಿಲ್ಲವೆಂಬ ಷರತ್ತಿತ್ತು. ಅದರ ಕೆಳಗೆ ಇವರದೇ ಸಹಿ. “ಪರಿಚಯ ಮಾಡಿಸಿದವರು ನಮ್ಮ ಸಮಾಜದವರೇ, ಹಾಗಾಗಿ ಓದಲಿಲ್ಲ” ಎಂದರು.

ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಆದರೆ 1872ರ ಕರಾರು ಅಧಿನಿಯಮ ಈ ವಿಷಯವನ್ನು ಆಗಲೇ ಸೂಕ್ಷ್ಮವಾಗಿ ಗ್ರಹಿಸಿತ್ತು. ನೆರವೇರಿಸುವ ಉದ್ದೇಶವೇ ಇಲ್ಲದೆ ಕೊಟ್ಟ ವಾಗ್ದಾನವನ್ನು ಅದರ 17ನೆಯ ಕಲಮು ವಂಚನೆಯ ಸಾಲಿಗೆ ಸೇರಿಸುತ್ತದೆ. 18ನೆಯ ಕಲಮು ಇನ್ನೂ ಮುಂದೆ ಹೋಗಿ, ಹೇಳಿದವನು ತಾನು ಹೇಳಿದ್ದು ನಿಜವೆಂದೇ ನಂಬಿದ್ದರೂ ತಕ್ಕ ಆಧಾರವಿಲ್ಲದೆ ಸುಳ್ಳನ್ನು ಖಚಿತವೆಂಬಂತೆ ಸಾರಿದ್ದರೆ ಅದು ತಪ್ಪುನಿರೂಪಣೆ ಎನ್ನುತ್ತದೆ. ಅಂದರೆ ಮಾರುವವನ ಉತ್ಸಾಹ ಅವನಿಗೆ ರಕ್ಷೆಯಾಗದು. ಆಸ್ಟ್ರೇಲಿಯದ ಗ್ರಾಹಕ ಕಾನೂನು ಇದನ್ನೇ ಬಿಡಿಸಿ ಹೇಳಿದೆ: ಮುಂದಾಗುವುದರ ಬಗ್ಗೆ ಯುಕ್ತ ಕಾರಣವಿಲ್ಲದೆ ಆಡಿದ ಮಾತು ದಾರಿತಪ್ಪಿಸುವ ಮಾತೇ. ಅಮೆರಿಕದಲ್ಲಿ ಹಣ ಪಡೆಯುವ ಮೊದಲೇ ಸಂಸ್ಥೆಯ ವಿವರಗಳನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮ 1979ರಿಂದ ಜಾರಿಯಲ್ಲಿದೆ. ನಮ್ಮ 19ನೆಯ ಕಲಮಿನಲ್ಲಿ ಒಂದು ಕಹಿಯಾದ ವಿನಾಯಿತಿಯೂ ಇದೆ. ಸಾಮಾನ್ಯ ಎಚ್ಚರದಿಂದ ಸತ್ಯವನ್ನು ತಿಳಿಯಬಹುದಾಗಿದ್ದವನು, ತಪ್ಪುನಿರೂಪಣೆಯ ಕಾರಣ ಹೇಳಿ ಕರಾರನ್ನು ರದ್ದುಪಡಿಸಲಾರ. “ನಮ್ಮವರೆಂದು ಓದಲಿಲ್ಲ” ಎಂಬ ಮಾತು ನಿಲ್ಲದಿರುವುದು ಇಲ್ಲಿಯೇ.

ಈ ಮಾತು ಒಂದು ಮನೆಯದಲ್ಲ. ದೊಡ್ಡನೆಕ್ಕುಂದಿಯಿಂದ ಬಹುದೂರವಲ್ಲದ ಶಿವಾಜಿನಗರದಲ್ಲಿ ಇದೇ ನಂಬಿಕೆ ಸಾವಿರಾರು ಮನೆಗಳನ್ನು ಮುಳುಗಿಸಿತು. 2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ ಸಂಸ್ಥೆ, ಬಡ್ಡಿ ನಿಷಿದ್ಧವೆಂದು ನಂಬುವ ಮುಸ್ಲಿಂ ಕುಟುಂಬಗಳಿಗೆ ಧರ್ಮಸಮ್ಮತ ಲಾಭಾಂಶದ ಭರವಸೆ ಕೊಟ್ಟಿತ್ತು. ಹಣವಿಟ್ಟವರನ್ನು ಠೇವಣಿದಾರರೆಂದು ಕರೆಯದೆ, ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳಲ್ಲಿ ಪಾಲುದಾರರೆಂದು ಬರೆಸಿಕೊಂಡಿತು. ಒಂದು ಪದ ಬದಲಾದುದರಿಂದ ಎಷ್ಟು ಬದಲಾಯಿತೆಂಬುದನ್ನು ವಾಚಕರು ಗಮನಿಸಬೇಕು. ಠೇವಣಿದಾರನಿಗೆ ಹಣ ಹಿಂದಿರುಗಬೇಕು. ಪಾಲುದಾರನಿಗೆ ನಷ್ಟದಲ್ಲಿಯೂ ಪಾಲುಂಟು. 2019ರ ಜೂನ್‌ನಲ್ಲಿ ಸ್ಥಾಪಕರು ದುಬೈಗೆ ಹೋದರು. ಕಚೇರಿಯ ಮುಂದೆ ನೆರೆದ ಜನರಲ್ಲಿ ಮಗಳ ಮದುವೆಗೆಂದು ಕೂಡಿಟ್ಟವರಿದ್ದರು, ವಿಧವೆಯರಿದ್ದರು. ಸಂಗ್ರಹವಾದ ಹಣ ಸುಮಾರು 4,000 ಕೋಟಿ ರೂಪಾಯಿಯೆಂದು ತನಿಖೆಯ ವೇಳೆ ವರದಿಯಾಯಿತು. ಜುಲೈನಲ್ಲಿ ದೆಹಲಿಗೆ ಮರಳಿದಾಗ ಸ್ಥಾಪಕರ ಬಂಧನವಾಯಿತು. ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದಲ್ಲಿ 2004ರ ಅಧಿನಿಯಮವೊಂದು ಆಗಲೇ ಇತ್ತು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಅಧಿನಿಯಮವೂ ಅದೇ 2019ರಲ್ಲಿ ಬಂತು.

ಇದನ್ನು ಬೇರೆಯವರ ಕಥೆಯೆಂದು ಓದುವವರು ಮರುವರ್ಷದ ಜನವರಿಯನ್ನು ನೆನೆಯಲಿ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ ಯಾರೂ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಅಲ್ಲಿ ನೆರೆದವರು ಬೇರೆ ಸಮಾಜದ ನಿವೃತ್ತ ವೃದ್ಧರು. ಅದು ಪರವಾನಗಿಯಿದ್ದ ಬ್ಯಾಂಕು, ಪ್ರಕರಣದ ಸ್ವರೂಪ ಬೇರೆ. ಆದರೆ ಹೆಸರು ಕೇಳಿಯೇ ನಂಬಿದವರು ಅಲ್ಲಿಯೂ ಇದ್ದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಎರಡು ನೇರವಾಗಿ ವ್ಯವಹಾರಕ್ಕೆ ಸಂಬಂಧಿಸಿದವು: ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ಮೊದಲನೆಯದು ಸುಳ್ಳು ಪತ್ರ. ಎರಡನೆಯದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ವಿಚಾರಾರ್ಹ. ಇಟ್ಟ ಹಣದ ಲೆಕ್ಕ ಮರೆತವನು ಕಡಿಮೆ ಕೇಳುತ್ತಾನೆ; ಇರಿಸಿಕೊಂಡವನು “ಹೌದು, ಅಷ್ಟೇ” ಎಂದು ಒಪ್ಪಿಬಿಡುತ್ತಾನೆ. ತಪ್ಪು ಲೆಕ್ಕವನ್ನು ಅವನು ಹುಟ್ಟಿಸಲಿಲ್ಲ, ತಿದ್ದಲಿಲ್ಲ ಅಷ್ಟೆ. ಆದರೂ ಅದನ್ನು ಅಸತ್ಯದ ಕೆಳಗೆ ಎಣಿಸಿದ್ದಾರೆ. ಕೇಳುವವನ ತಪ್ಪು ಕಲ್ಪನೆಯಿಂದ ಲಾಭ ಪಡೆಯುವ ಪ್ರತಿನಿಧಿಯೂ, ವಿಚಾರಿಸದೆ “ಒಳ್ಳೆಯ ಯೋಜನೆ” ಎಂದು ಬಸದಿಯ ಅಂಗಳದಲ್ಲಿ ಪರಿಚಯಿಸುವ ಸಾಧರ್ಮಿಕನೂ ಈ ಗೆರೆಯ ಯಾವ ಬದಿಗೆ ನಿಲ್ಲುತ್ತಾರೆ? ಟ್ರಸ್ಟಿನ ಹಣವನ್ನು ಹೂಡಲು ಪ್ರಸ್ತಾಪ ಬಂದಾಗ ಆಡಳಿತ ಮಂಡಳಿಯವರು ಕೇಳಬೇಕಾದುದು ತಂದವರ ಮನೆತನವನ್ನಲ್ಲ. ಈಗಾಗಲೇ ನಡೆಯುತ್ತಿರುವ ಅಂಗಡಿಗಳ ಲೆಕ್ಕವನ್ನು, ಮುಚ್ಚಿದವುಗಳ ವಿಳಾಸವನ್ನು.

ಆ ಯಜಮಾನರು ಇದೆರಡನ್ನೂ ಕೇಳಿದ್ದು ಅಂಗಡಿ ಮುಚ್ಚಿದ ಮೇಲೆ. ಸಂಸ್ಥೆಯಿಂದ ಬಂದ ಉತ್ತರದಲ್ಲಿ ಕೊನೆಯ ಪುಟದ ಷರತ್ತಿನ ಸಂಖ್ಯೆ ಮಾತ್ರ ಇತ್ತು. ಪರಿಚಯ ಮಾಡಿಸಿದವರು ಇಂದಿಗೂ ಪರ್ವದ ದಿನಗಳಲ್ಲಿ ಅವರ ಪಕ್ಕದಲ್ಲಿಯೇ ಕುಳಿತು ಪ್ರವಚನ ಕೇಳುತ್ತಾರೆ. ಆ ವಿಷಯವನ್ನು ಇಬ್ಬರೂ ಎತ್ತುವುದಿಲ್ಲ.